ಮೂರರಲ್ಲಿ ಎರಡು ಪ್ಯಾಕೆಟ್ ದಾಟಿಹೋಗುತ್ತಿವೆ: ಕರ್ನಲ್ ಒಳಗಿನ ಪ್ರೋಗ್ರಾಮನ್ನು ಡೀಬಗ್ ಮಾಡುವುದು ಹೇಗೆ?

ಪ್ರಶ್ನೆ: ಸರ್, ನಮ್ಮ ಲಿನಕ್ಸ್ ಸರ್ವರ್ ಮೇಲೆ ಆಗಾಗ ಡಿಎನ್‌ಎಸ್ (ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ವ್ಯವಸ್ಥೆ) ಉತ್ತರಗಳು ಸುರಿಯುತ್ತವೆ. ನಾವು ಕೇಳದೇ ಇರುವ ಉತ್ತರಗಳು. ಎಲ್ಲವೂ ಯುಡಿಪಿ, ಸೋರ್ಸ್ ಪೋರ್ಟ್ 53. ಅವನ್ನು ಎಸೆಯಲು ಒಂದು ಎಕ್ಸ್‌ಡಿಪಿ ಪ್ರೋಗ್ರಾಮ್ ಬರೆದೆ, ಅಂದರೆ ಪ್ಯಾಕೆಟ್ ಬಂದ ಕೂಡಲೇ ಲಿನಕ್ಸಿನ ತಿರುಳಾದ ಕರ್ನಲ್ ಒಳಗೇ ಓಡುವ ಪುಟ್ಟ ಪ್ರೋಗ್ರಾಮ್. ಲ್ಯಾಪ್‌ಟಾಪಿನಲ್ಲಿ ವೀಥ್ ಜೋಡಿಯ (ಒಂದೇ ಯಂತ್ರದೊಳಗಿನ ಹುಸಿ ನೆಟ್‌ವರ್ಕ್ ತಂತಿಯ ಎರಡು ತುದಿ) ಮೇಲೆ ಚೆನ್ನಾಗಿ ಓಡಿತು. ಸರ್ವರಿಗೆ ಹಾಕಿದ ಮೇಲೆ, ಸ್ವಿಚ್ಚಿನ ಲೆಕ್ಕಕ್ಕೆ ಹೋಲಿಸಿದರೆ, ಸುಮಾರು ಮೂರರಲ್ಲಿ ಒಂದು ಭಾಗ ಮಾತ್ರ ಬೀಳುತ್ತಿದೆ. ನನ್ನ ಡ್ರಾಪ್ ಕೌಂಟರ್ ಅಷ್ಟೇ ಟ್ರಾಫಿಕ್‌ಗೆ ಪ್ರತಿ ಸಲ ಬೇರೆ ಸಂಖ್ಯೆ ತೋರಿಸುತ್ತದೆ. ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್‌ನಲ್ಲಿ ಪೋರ್ಟ್ 53 ಅಂತ ಫಿಲ್ಟರ್ ಹಾಕಿದರೆ ಒಂದೂ ಪ್ಯಾಕೆಟ್ ಕಾಣುವುದಿಲ್ಲ. ಪ್ರೋಗ್ರಾಮಿನಲ್ಲಿ ಪ್ರಿಂಟ್ ಹಾಕಿದರೆ ಸರ್ವರ್ ತೆವಳುತ್ತದೆ. ಜಿಡಿಬಿ ಡೀಬಗರ್ ಹಾಕಿ ನಿಲ್ಲಿಸಿ ನೋಡಲು ಏನಾದರೂ ದಾರಿ ಇದೆಯಾ?

ಉತ್ತರ: ಜಿಡಿಬಿ ಆಸೆ ಬಿಟ್ಟುಬಿಡಿ. ಮಾಮೂಲಿ ಪ್ರೋಗ್ರಾಮ್ ಆದರೆ ಬ್ರೇಕ್‌ಪಾಯಿಂಟ್ ಇಟ್ಟು ನಿಲ್ಲಿಸಿ, ಕಾಫಿ ಕುಡಿದು ಬಂದು ಮುಂದುವರಿಸಬಹುದು. ನಿಮ್ಮ ಪ್ರೋಗ್ರಾಮ್ ಓಡುವುದು ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಒಳಗೆ, ಪ್ಯಾಕೆಟ್ ಇಳಿದ ಕ್ಷಣದಲ್ಲಿ. ಅಲ್ಲಿ ನಿಲ್ಲಿಸುವುದು ಅಂದರೆ ಕರ್ನಲನ್ನೇ ನಿಲ್ಲಿಸುವುದು. ನೀವು ಎಸ್‌ಎಸ್‌ಎಚ್‌ನಲ್ಲಿ ಕೂತಿರುವುದೂ ಅದೇ ತಂತಿಯ ಮೇಲೆ ಅಲ್ವಾ? ಕೂತ ಕೊಂಬೆಯನ್ನೇ ಕಡಿದ ಹಾಗಾಗುತ್ತದೆ.

ನಿಲ್ಲಿಸಿ ನೋಡುವ ಹಾಗಿಲ್ಲ ಅಂದಮೇಲೆ ಓಡುತ್ತಿರುವಾಗಲೇ ನೋಡಬೇಕು. ಆಗ ಮೊದಲು ತಿಳಿಯಬೇಕಾದ್ದು ನಾವು ನಿಂತಿರುವ ಜಾಗ ಯಾವುದು ಅಂತ. ನೀವು ದಾರಿ ತಪ್ಪಿದ್ದು ಅಲ್ಲೇ ಅಂತ ನನ್ನ ಅನಿಸಿಕೆ.

ಪ್ಯಾಕೆಟ್ಟಿನ ದಾರಿ ನೋಡಿ. ಕಾರ್ಡು ಅದನ್ನು ಮೆಮೊರಿಗೆ ಇಳಿಸುತ್ತದೆ. ಡ್ರೈವರ್ ಎತ್ತಿಕೊಂಡ ಕೂಡಲೇ ನಿಮ್ಮ ಎಕ್ಸ್‌ಡಿಪಿ ಪ್ರೋಗ್ರಾಮಿಗೆ ಕೊಡುತ್ತದೆ. ಆಗಿನ್ನೂ ಅದು ಬರೀ ಬೈಟುಗಳ ಸಾಲು. ಕರ್ನಲ್ ಅದಕ್ಕೆ ಎಸ್‌ಕೆಬಿ ಅನ್ನುವ ತನ್ನ ಲೆಕ್ಕಪತ್ರ ಮಾಡಿರುವುದಿಲ್ಲ. ನಿಮ್ಮ ಪ್ರೋಗ್ರಾಮ್ ಪಾಸ್ ಅಂದರೆ ಮಾತ್ರ ಎಸ್‌ಕೆಬಿ ಹುಟ್ಟುತ್ತದೆ. ಆಮೇಲೆ ಟಿಸಿಪಿಡಂಪ್‌ಗೆ ಒಂದು ಪ್ರತಿ ಹೋಗುತ್ತದೆ. ಅದಾದ ಮೇಲೆ ಐಪಿ ಪದರ, ಫೈರ್‌ವಾಲ್, ಸಾಕೆಟ್. ಅಂದರೆ ನೀವು ಡ್ರಾಪ್ ಅಂದ ಪ್ಯಾಕೆಟ್ ಟಿಸಿಪಿಡಂಪ್ ಇರುವ ಜಾಗಕ್ಕೆ ಬರುವುದೇ ಇಲ್ಲ. ಗೇಟಿನಲ್ಲೇ ವಾಪಸ್ ಕಳಿಸಿದವರನ್ನು ನಡುಮನೆಯಲ್ಲಿ ಕೂತು ಹುಡುಕಿದರೆ ಸಿಗುತ್ತಾರಾ?

ಸರಿ, ಎಸೆದದ್ದು ಕಾಣುವುದಿಲ್ಲ. ಆದರೆ ದಾಟಿದ ಆ ಎರಡು ಭಾಗ ಕಾಣಬೇಕಿತ್ತಲ್ಲ? ಅದೂ ಕಾಣಲಿಲ್ಲ ಅಂತ ಬರೆದಿದ್ದೀರಿ. ನನಗೆ ಇಡೀ ಪ್ರಶ್ನೆಯಲ್ಲಿ ಇದೇ ದೊಡ್ಡ ಸುಳಿವು. ದಾಟುತ್ತಿರುವ ಪ್ಯಾಕೆಟ್ಟುಗಳಲ್ಲಿ ಪೋರ್ಟ್ 53 ಅಂತ ಬರೆದೇ ಇಲ್ಲ!

ಅದು ಹೇಗೆ ಅಂತೀರಾ? ಒಂದು ಡಿಎನ್‌ಎಸ್ ಉತ್ತರ 4096 ಬೈಟ್ ಇದೆ ಅಂದುಕೊಳ್ಳಿ. ಈ ಥರದ ದಾಳಿ ಮಾಡುವವರು ಬೇಕಂತಲೇ ದೊಡ್ಡ ಉತ್ತರ ಬರುವ ಪ್ರಶ್ನೆಯನ್ನು ಆರಿಸಿ, ನಿಮ್ಮ ವಿಳಾಸ ಹಾಕಿ ಕೇಳುತ್ತಾರೆ. ಯುಡಿಪಿ ಹೆಡರ್ 8 ಬೈಟ್ ಸೇರಿ 4104. ದಾರಿಯ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 1500. ಅದರಲ್ಲಿ ಐಪಿ ಹೆಡರಿಗೆ 20 ಹೋದರೆ ಉಳಿಯುವುದು 1480. ಹಾಗಾಗಿ ಉತ್ತರ ಮೂರು ತುಂಡಾಗುತ್ತದೆ: 1480, 1480, 1144. ಮೂರಕ್ಕೂ ಐಪಿ ಹೆಡರ್ ಇರುತ್ತದೆ. ಮೂರರಲ್ಲೂ ಪ್ರೋಟೊಕಾಲ್ 17, ಅಂದರೆ ಯುಡಿಪಿ ಅಂತಲೇ ಇರುತ್ತದೆ. ಆದರೆ ಯುಡಿಪಿ ಹೆಡರ್, ಅದರೊಳಗಿನ ಪೋರ್ಟ್, ಇರುವುದು ಮೊದಲ ತುಂಡಿನಲ್ಲಿ ಮಾತ್ರ. ಉಳಿದ ಎರಡರಲ್ಲಿ ಆ ಜಾಗದಲ್ಲಿ ಉತ್ತರದ ನಡುವಿನ ಯಾವುದೋ ಎರಡು ಬೈಟ್ ಕೂತಿರುತ್ತವೆ. ನಿಮ್ಮ ಪ್ರೋಗ್ರಾಮ್ ಅದನ್ನೇ ಪೋರ್ಟ್ ಅಂತ ಓದಿ, 53 ಅಲ್ಲ ಅಂತ ಪಾಸ್ ಮಾಡುತ್ತದೆ. ಮೂರರಲ್ಲಿ ಒಂದು ಬೀಳುತ್ತದೆ, ಎರಡು ದಾಟುತ್ತವೆ. ನಿಮ್ಮ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ ನೋಡಿ.

(2020ರ ಡಿಎನ್‌ಎಸ್ ಫ್ಲ್ಯಾಗ್ ಡೇ ದಿನ ಉತ್ತರದ ಗಾತ್ರ 1232 ಬೈಟ್ ಒಳಗೇ ಇರಲಿ ಅಂತ ಎಲ್ಲರಿಗೂ ಹೇಳಿದ್ದು ಇಂಥ ತುಂಡುಗಳ ಕಾಟ ತಪ್ಪಲಿ ಅಂತಲೇ. ಹಳೆಯ ಸೆಟ್ಟಿಂಗ್‌ನಲ್ಲೇ ಬಿಟ್ಟ ಸರ್ವರುಗಳು ಹೇಳಿದ ಮಾತು ಕೇಳಬೇಕಲ್ಲ.)

ಇನ್ನು ಟಿಸಿಪಿಡಂಪ್ ಯಾಕೆ ತೋರಿಸಲಿಲ್ಲ? ಒಂದು ಕೆಲಸ ಮಾಡಿ. ಟಿಸಿಪಿಡಂಪ್‌ಗೆ ಮೈನಸ್ ಡಿ (ಚಿಕ್ಕಕ್ಷರದ ಡಿ) ಕೊಟ್ಟು, ಯುಡಿಪಿ ಪೋರ್ಟ್ 53 ಅನ್ನುವ ನಿಮ್ಮ ಫಿಲ್ಟರನ್ನೇ ಮುಂದೆ ಬರೆಯಿರಿ. ಅದು ಪ್ಯಾಕೆಟ್ ಹಿಡಿಯುವುದಿಲ್ಲ, ಫಿಲ್ಟರ್ ಒಳಗೆ ಏನಾಗಿದೆ ಅಂತ ಸಾಲು ಸಾಲಾಗಿ ತೋರಿಸುತ್ತದೆ. ಪ್ಯಾಕೆಟ್ಟಿನ 12ನೇ ಬೈಟಿನಿಂದ (ಎಣಿಕೆ ಸೊನ್ನೆಯಿಂದ) ಈಥರ್‌ಟೈಪ್, ಅಂದರೆ ಒಳಗಿರುವುದು ಐಪಿಯೋ ಬೇರೆಯೋ ಅನ್ನುವ ಗುರುತು, ಓದುತ್ತದೆ. 23ನೇ ಬೈಟಿನಲ್ಲಿ ಪ್ರೋಟೊಕಾಲ್ 17 ಇದೆಯಾ ಅಂತ ನೋಡುತ್ತದೆ. ಆಮೇಲೆ 20ನೇ ಬೈಟಿಗೆ ವಾಪಸ್ ಬಂದು ಎರಡು ಬೈಟ್ ಎತ್ತಿ, ಅದರ ಕೆಳಗಿನ 13 ಬಿಟ್ಟಿನಲ್ಲಿ ಏನಾದರೂ ಇದ್ದರೆ ಅಲ್ಲಿಂದಲೇ ಹೊರಗೆ ಜಿಗಿಯುತ್ತದೆ. ಆ 13 ಬಿಟ್ಟೇ ತುಂಡಿನ ಆಫ್‌ಸೆಟ್. ಸೊನ್ನೆ ಅಲ್ಲ ಅಂದರೆ ಅದು ಎರಡನೆಯದೋ ಮೂರನೆಯದೋ ತುಂಡು, ಅದರಲ್ಲಿ ಪೋರ್ಟ್ ಹುಡುಕುವುದು ದಂಡ. ಅದಕ್ಕೂ ಮುಂದಿನ ಸಾಲು ಓದಿ. 14ನೇ ಬೈಟಿನ ಕೆಳಗಿನ ನಾಲ್ಕು ಬಿಟ್ ತೆಗೆದು ನಾಲ್ಕರಿಂದ ಗುಣಿಸುತ್ತದೆ. ಅದು ಐಪಿ ಹೆಡರಿನ ನಿಜವಾದ ಉದ್ದ. 20 ಬೈಟೇ ಇರುತ್ತದೆ ಅಂತ ಅದು ನಂಬಿ ಕೂರುವುದಿಲ್ಲ. ಆಪ್ಷನ್ ಇದ್ದರೆ ಹೆಡರ್ 60ರವರೆಗೂ ಬೆಳೆಯಬಹುದು.

ನಿಮ್ಮ ಪ್ರೋಗ್ರಾಮಿನಲ್ಲಿ ಈ ಎರಡೂ ಇಲ್ಲ ಅಂತ ಪಂಥ ಕಟ್ಟುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಮೊದಲ ಪ್ರೋಗ್ರಾಮಿನಲ್ಲೂ ಇರಲಿಲ್ಲ. ಟಿಸಿಪಿಡಂಪ್ ಹಿಂದಿರುವ ಬಿಪಿಎಫ್ ಅನ್ನುವ ಈ ಫಿಲ್ಟರ್ ಯಂತ್ರವನ್ನು ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್ಸನ್ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಟ್ಟಿ, 1993ರ ಯೂಸೆನಿಕ್ಸ್ ಅನ್ನುವ ಕಂಪ್ಯೂಟರ್ ತಜ್ಞರ ಸಭೆಯಲ್ಲಿ ಮುಂದಿಟ್ಟರು. 2014ರಲ್ಲಿ ಅಲೆಕ್ಸಿ ಸ್ಟಾರೊವೊಯಿಟೊವ್ ಕೈಯಲ್ಲಿ ಅದು ಇಬಿಪಿಎಫ್ ಆಗಿ ಬೆಳೆಯಿತು. 2016ರ ಲಿನಕ್ಸ್ 4.8ರಲ್ಲಿ ಆ ಇಬಿಪಿಎಫ್ ಮೇಲೆ ನಿಂತ ಎಕ್ಸ್‌ಡಿಪಿ ಬಂತು. ನಿಮ್ಮ ಪ್ರೋಗ್ರಾಮಿನ ಅಜ್ಜಿಗೆ ಗೊತ್ತಿದ್ದ ಪಾಠ ಮೊಮ್ಮಗಳಿಗೆ ಹೇಳಿಕೊಡುವುದು ಮರೆತುಹೋಗಿದೆ, ಅಷ್ಟೇ. ಪ್ಯಾಕೆಟ್ ಬಿಡಿಸುವ ಪ್ರೋಗ್ರಾಮ್ ಬರೆಯುವಾಗ ನಾನು ಈಗಲೂ ಮೈನಸ್ ಡಿ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ.

ಆದರೆ ಇದೆಲ್ಲ ಇನ್ನೂ ಊಹೆ. ಸಾಬೀತು ಮಾಡೋಣ. ಟಿಸಿಪಿಡಂಪ್‌ನಲ್ಲಿ ಪೋರ್ಟ್ ಫಿಲ್ಟರ್ ತೆಗೆದು, ತುಂಡಿನ ಆಫ್‌ಸೆಟ್ ಸೊನ್ನೆ ಅಲ್ಲದ ಐಪಿ ಪ್ಯಾಕೆಟ್ ಮಾತ್ರ ತೋರಿಸು ಅಂತ ಹಾಕಿ. ಐಪಿ ಹೆಡರಿನ 6ನೇ ಬೈಟಿನಿಂದ ಎರಡು ಬೈಟ್ ತೆಗೆದು ಕೆಳಗಿನ 13 ಬಿಟ್ಟಿನ ಜೊತೆ ಆಂಡ್ ಮಾಡಿದರೆ ಆಯಿತು. ತೆರೆ ಪೂರ್ತಿ ತುಂಬಿ ಹರಿದರೆ ಕಳ್ಳ ಸಿಕ್ಕ ಹಾಗೆ. ಎರಡನೆಯ ಸಾಕ್ಷಿ ಕರ್ನಲ್‌ನ ನೆಟ್‌ವರ್ಕ್ ಲೆಕ್ಕಗಳನ್ನು ತೋರಿಸುವ ಎನ್‌ಸ್ಟ್ಯಾಟ್. ಅದರಲ್ಲಿ ರೀಅಸೆಂಬ್ಲಿಗೆ, ಅಂದರೆ ತುಂಡುಗಳನ್ನು ಮತ್ತೆ ಜೋಡಿಸುವುದಕ್ಕೆ, ಸಂಬಂಧಪಟ್ಟ ಕೌಂಟರುಗಳನ್ನು ನೋಡಿ. ಮೊದಲ ತುಂಡು ನಿಮ್ಮ ಕೈಯಲ್ಲಿ ಸತ್ತಿದೆ, ಉಳಿದ ಎರಡು ಕರ್ನಲ್ ಒಳಗೆ ಅಣ್ಣನಿಗಾಗಿ ಕಾಯುತ್ತಾ ಕೂತಿವೆ. ಆ ಕಾಯುವ ಹೊತ್ತು ಮಾಮೂಲಿಯಾಗಿ 30 ಸೆಕೆಂಡ್. ಅಷ್ಟೂ ಹೊತ್ತು ಮೆಮೊರಿ ಹಿಡಿದಿಟ್ಟಿರುತ್ತವೆ. ರೀಅಸೆಂಬ್ಲಿ ಟೈಮ್‌ಔಟ್ ಕೌಂಟರ್ ಏರುತ್ತಿದ್ದರೆ ನಿಮ್ಮ ಅರ್ಧಂಬರ್ಧ ಡ್ರಾಪಿನಿಂದ ಸರ್ವರಿಗೆ ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ ಆಗುತ್ತಿದೆ ಅಂತ ಅರ್ಥ.

ತುಂಡು ಕಂಡರೆ ಏನು ಮಾಡಬೇಕು ಅನ್ನುವುದು ಡೀಬಗ್ ವಿಷಯ ಅಲ್ಲ, ನಿಮ್ಮ ತೀರ್ಮಾನ. ಆ ಸರ್ವರಿಗೆ ತುಂಡು ಯುಡಿಪಿ ನ್ಯಾಯವಾಗಿ ಬರುವ ಕಾರಣವೇ ಇಲ್ಲ ಅಂದರೆ ಎಲ್ಲವನ್ನೂ ಎಸೆಯಿರಿ. ಟನಲ್, ವಿಪಿಎನ್ ಥರದ್ದು ಇದ್ದರೆ ಹಾಗೆ ಮಾಡಬೇಡಿ. ಐಪಿವಿ6ನಲ್ಲಿ ಈ ಆಫ್‌ಸೆಟ್ ಮುಖ್ಯ ಹೆಡರಿನಲ್ಲಿ ಇರುವುದಿಲ್ಲ. 44 ಅನ್ನುವ ಸಂಖ್ಯೆಯ ಬೇರೆ ಹೆಡರ್ ನಡುವೆ ಬರುತ್ತದೆ, ಅದನ್ನು ದಾಟಿಕೊಂಡು ಓದಬೇಕು.

ಈಗ ನಿಮ್ಮ ಕೌಂಟರ್ ವಿಷಯ. ಮಾಮೂಲಿ ಅರೇ ಮ್ಯಾಪಿನಲ್ಲಿ (ಪ್ರೋಗ್ರಾಮ್ ಲೆಕ್ಕ ಬರೆದಿಡುವ, ಹೊರಗಿನಿಂದಲೂ ಓದಬಹುದಾದ ಪಟ್ಟಿ) ಒಂದು ಸಂಖ್ಯೆ ಇಟ್ಟು ಪ್ಲಸ್ ಪ್ಲಸ್ ಮಾಡುತ್ತಿದ್ದೀರಿ, ಅಲ್ವಾ? ಅದು ನೋಡಲು ಒಂದು ಕೆಲಸ. ಒಳಗೆ ಮೂರು: ಓದು, ಒಂದು ಕೂಡು, ವಾಪಸ್ ಬರೆ. ಲ್ಯಾಪ್‌ಟಾಪಿನಲ್ಲಿ ಒಬ್ಬರೇ ಒಂದೊಂದೇ ಪ್ಯಾಕೆಟ್ ಕಳಿಸುವಾಗ ತೊಂದರೆ ಗೊತ್ತಾಗುವುದಿಲ್ಲ. ಸರ್ವರಿನ ಕಾರ್ಡಿಗೆ ಹಲವು ಕ್ಯೂ ಇರುತ್ತವೆ, ಒಂದೊಂದು ಕ್ಯೂ ಒಂದೊಂದು ಕೋರ್ ಮೇಲೆ. ಎರಡು ಕೋರ್ ಒಂದೇ ಹೊತ್ತಿಗೆ 500 ಅಂತ ಓದಿ, ಇಬ್ಬರೂ 501 ಅಂತ ಬರೆದರೆ ಒಂದು ಪ್ಯಾಕೆಟ್ ಲೆಕ್ಕದಿಂದ ಮಾಯ. ಅಟಾಮಿಕ್ ಆಗಿ, ಅಂದರೆ ಮೂರನ್ನೂ ಒಡೆಯದ ಒಂದೇ ಹೆಜ್ಜೆಯಲ್ಲಿ, ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ, ಆದರೆ ಕೋರ್‌ಗಳು ಒಂದೇ ಜಾಗಕ್ಕೆ ಕಿತ್ತಾಡಿ ನಿಧಾನ ಆಗುತ್ತವೆ. ಪರ್-ಸಿಪಿಯು ಅರೇ ಹಾಕಿ. ಪ್ರತಿ ಕೋರಿಗೂ ತನ್ನದೇ ಸಂಖ್ಯೆ, ಓದುವಾಗ ಎಲ್ಲ ಕೂಡಿಸಿದರೆ ಆಯಿತು. ಒಂದು ಎಚ್ಚರ: ಹಾಗೆ ಓದುವಾಗ ಕರ್ನಲ್ ಈಗ ಓಡುತ್ತಿರುವ ಕೋರ್‌ಗಳಿಗೆ ಮಾತ್ರವಲ್ಲ, ಇರಬಹುದಾದ ಎಲ್ಲ ಕೋರ್‌ಗಳಿಗೂ ಜಾಗ ತುಂಬಿ ಕೊಡುತ್ತದೆ. ಬಫರ್ ಅಷ್ಟು ದೊಡ್ಡದಿಲ್ಲದಿದ್ದರೆ ನಿಮ್ಮ ಓದುವ ಪ್ರೋಗ್ರಾಮಿನ ಮೆಮೊರಿ ಕೆಡುತ್ತದೆ. ಆಮೇಲೆ ಎಲ್ಲೋ ಸಂಬಂಧವಿಲ್ಲದ ಕಡೆ ಕ್ರ್ಯಾಷ್ ಆಗಿ ತಲೆ ಕೆರೆದುಕೊಳ್ಳಬೇಕು.

ಕೌಂಟರ್ ಒಂದೇ ಯಾಕೆ ಇಟ್ಟಿರಿ? ನನ್ನನ್ನು ಕೇಳಿದರೆ ಇಂಥ ಪ್ರೋಗ್ರಾಮಿಗೆ ಅತಿ ಒಳ್ಳೆಯ ಡೀಬಗರ್ ಅಂದರೆ ಪ್ರತಿ ರಿಟರ್ನ್‌ಗೂ ಒಂದು ಕೌಂಟರ್. ನಿಮ್ಮ ಕೋಡಿನಲ್ಲಿ ಪಾಸ್ ಅಂತ ಎಷ್ಟು ಕಡೆಯಿಂದ ಹೊರಗೆ ಬರುತ್ತೀರಿ ಎಣಿಸಿ. ಪ್ಯಾಕೆಟ್ ಚಿಕ್ಕದು, ಐಪಿ ಅಲ್ಲ, ಯುಡಿಪಿ ಅಲ್ಲ, ಪೋರ್ಟ್ ಬೇರೆ. ನಾಲ್ಕೂ ಹೊರಗಿನಿಂದ ಒಂದೇ ಥರ ಕಾಣುತ್ತವೆ: ಪ್ಯಾಕೆಟ್ ದಾಟಿತು. ಒಂದೊಂದಕ್ಕೂ ಒಂದು ಅಂಕಿ ಕೊಟ್ಟು, ಪರ್-ಸಿಪಿಯು ಅರೇಯಲ್ಲಿ ಆ ಅಂಕಿಯ ಜಾಗದಲ್ಲಿ ಒಂದು ಕೂಡಿಸಿ, ಆಮೇಲೆ ರಿಟರ್ನ್ ಆಗಿ. ಇಂಥ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವ ಬಿಪಿಎಫ್‌ಟೂಲ್‌ನಲ್ಲಿ ಮ್ಯಾಪ್ ಡಂಪ್ ಮಾಡಿದರೆ ಎಲ್ಲಿಂದ ಎಷ್ಟು ದಾಟಿದವು ಅಂತ ಒಂದೇ ನೋಟಕ್ಕೆ ಸಿಗುತ್ತದೆ. ನೀವು ಮೊದಲೇ ಹೀಗೆ ಮಾಡಿದ್ದರೆ "ಪೋರ್ಟ್ ಬೇರೆ" ಅನ್ನುವ ಕೌಂಟರ್ ಎಸೆದದ್ದರ ಎರಡು ಪಟ್ಟು ಏರುವುದು ಕಾಣುತ್ತಿತ್ತು. ಇದನ್ನು ಡೀಬಗ್ ಮುಗಿದ ಮೇಲೂ ತೆಗೆಯಬೇಡಿ. ಖರ್ಚು ತೀರಾ ಕಡಿಮೆ, ಆರು ತಿಂಗಳ ಮೇಲೆ ರಾತ್ರಿ ಎರಡಕ್ಕೆ ಯಾರೋ ಫೋನ್ ಮಾಡಿದಾಗ ಕೈ ಹಿಡಿಯುವುದು ಅದೇ.

ಆಗಲೇಬಾರದ ಸ್ಥಿತಿಗೆ, ಉದಾಹರಣೆಗೆ ಮ್ಯಾಪ್‌ನಲ್ಲಿ ಇರಲೇಬೇಕಾದ ಜಾಗ ಸಿಗದಿದ್ದಾಗ, ಡ್ರಾಪ್ ಬದಲು ಅಬಾರ್ಟೆಡ್ ಅಂತ ರಿಟರ್ನ್ ಮಾಡಿ. ಪ್ಯಾಕೆಟ್ ಬೀಳುವುದು ಎರಡರಲ್ಲೂ ಒಂದೇ. ಆದರೆ ಅಬಾರ್ಟೆಡ್ ಆದಾಗ ಕರ್ನಲ್ ಎಕ್ಸ್‌ಡಿಪಿ ಎಕ್ಸೆಪ್ಷನ್ ಅನ್ನುವ ಟ್ರೇಸ್‌ಪಾಯಿಂಟ್ (ಹೊರಗಿನಿಂದ ಕಿವಿಗೊಡಬಹುದಾದ ಕರ್ನಲ್‌ನ ಗಂಟೆ) ಬಾರಿಸುತ್ತದೆ. ಬಿಪಿಎಫ್‌ಟ್ರೇಸ್ ಅನ್ನುವ ಸಾಧನದ ಒಂದು ಸಾಲಿನಲ್ಲಿ ಅದನ್ನು ಎಣಿಸಬಹುದು.

ಪ್ರಿಂಟ್ ಹಾಕಿದರೆ ಸರ್ವರ್ ತೆವಳಿತು ಅಂದಿರಿ. ತೆವಳದೆ ಇನ್ನೇನು? 10 ಗಿಗಾಬಿಟ್ ತಂತಿಯಲ್ಲಿ ಅತಿ ಚಿಕ್ಕ ಪ್ಯಾಕೆಟ್ ಸೆಕೆಂಡಿಗೆ 1 ಕೋಟಿ 48 ಲಕ್ಷ ಬರಬಹುದು. ಒಂದೊಂದಕ್ಕೆ ಸಿಗುವ ಸಮಯ ಸುಮಾರು 67 ನ್ಯಾನೊಸೆಕೆಂಡ್. ಆ ಸಂದಿಯಲ್ಲಿ ಅಕ್ಷರ ಜೋಡಿಸಿ ಬರೆಯುವ ಕೆಲಸ ಹೇಳಿದರೆ ಕೋರ್ ಅದರಲ್ಲೇ ಮುಳುಗುತ್ತದೆ. ಬಿಪಿಎಫ್ ಪ್ರಿಂಟ್‌ಕೆ ಇರುವುದು ಮೇಜಿನ ಮೇಲಿನ ಪರೀಕ್ಷೆಗೆ. ಸರ್ವರ್ ಮೇಲೆ ಬೇಕೇ ಬೇಕು ಅಂದರೆ ರ‍್ಯಾಂಡಮ್ ಸಂಖ್ಯೆ ತೆಗೆದು ಸಾವಿರಕ್ಕೊಂದು ಪ್ಯಾಕೆಟ್ಟಿಗೆ ಮಾತ್ರ ಬರೆಸಿ. ಅಥವಾ ಡೀಬಗ್ ಅನ್ನುವ ಕಾನ್ಸ್ಟ್ ವೊಲಟೈಲ್ ಗ್ಲೋಬಲ್ ಇಟ್ಟುಕೊಂಡು, ಲೋಡ್ ಮಾಡುವ ಮೊದಲು ಅದರ ಬೆಲೆ ತುಂಬಿ. ಸೊನ್ನೆ ಇದ್ದರೆ ಆ ಕೋಡ್ ಎಂದೂ ಓಡುವುದಿಲ್ಲ ಅಂತ, ಲೋಡ್ ಆಗುವಾಗ ಪ್ರೋಗ್ರಾಮನ್ನು ಪರೀಕ್ಷಿಸುವ ಕರ್ನಲ್‌ನ ವೆರಿಫೈಯರ್ ತಾನೇ ಕಂಡುಕೊಂಡು ಕತ್ತರಿಸಿ ಬಿಸಾಡುತ್ತದೆ, ಹೊಸ ಕರ್ನಲ್‌ಗಳಲ್ಲಿ. ಪ್ಯಾಕೆಟ್ ಬಗ್ಗೆ ನಾಲ್ಕು ಮಾಹಿತಿ ಹೊರಗೆ ಕಳಿಸಬೇಕಾದರೆ ಲಿನಕ್ಸ್ 5.8ರಿಂದ ಬಂದಿರುವ ರಿಂಗ್ ಬಫರ್ ವಾಸಿ. ಪ್ರಿಂಟ್ ಹೋಗುವ ಟ್ರೇಸ್ ಪೈಪ್ ಇಡೀ ಯಂತ್ರಕ್ಕೆ ಹಂಚಿಕೊಂಡದ್ದು. ಎರಡು ಕಿಟಕಿಯಲ್ಲಿ ತೆರೆದರೆ ಒಂದು ಸಾಲು ಇಲ್ಲಿ, ಒಂದು ಅಲ್ಲಿ ಬೀಳುತ್ತದೆ, ಯಾಕೆಂದರೆ ಓದಿದ ಸಾಲು ಅಲ್ಲಿಂದ ಖಾಲಿ.

ನಿಮ್ಮ ಪ್ರೋಗ್ರಾಮ್ ಓಡುತ್ತಿದೆ ಅನ್ನುವುದು ಗೊತ್ತಿದೆ, ಮೂರನೇ ಒಂದು ಭಾಗವಾದರೂ ಬೀಳುತ್ತಿದೆಯಲ್ಲ. ಅದೂ ಗೊತ್ತಿಲ್ಲದವರಿಗೆ ಎರಡು ಮಾತು. ಐಪಿ ಲಿಂಕ್ ಶೋ ಕೊಟ್ಟಾಗ ಇಂಟರ್‌ಫೇಸಿನ ಮುಂದೆ ಎಕ್ಸ್‌ಡಿಪಿ ಅಂತ ಇದೆಯಾ, ಎಕ್ಸ್‌ಡಿಪಿ ಜೆನೆರಿಕ್ ಅಂತ ಇದೆಯಾ ನೋಡಿ. ಜೆನೆರಿಕ್ ಅಂದರೆ ಡ್ರೈವರ್ ಒಳಗಲ್ಲ, ಎಸ್‌ಕೆಬಿ ಹುಟ್ಟಿದ ಮೇಲೆ ಓಡುತ್ತಿದೆ, ವೇಗ ಅಷ್ಟಕ್ಕಷ್ಟೇ. ಕರ್ನಲ್‌ನ ಬಿಪಿಎಫ್ ಸ್ಟ್ಯಾಟ್ಸ್ ಸೆಟ್ಟಿಂಗ್ ಆನ್ ಮಾಡಿ ಬಿಪಿಎಫ್‌ಟೂಲ್ ಪ್ರಾಗ್ ಶೋ ಕೊಟ್ಟರೆ, ಪ್ರೋಗ್ರಾಮ್ ಎಷ್ಟು ಸಲ ಓಡಿತು, ಒಟ್ಟು ಎಷ್ಟು ನ್ಯಾನೊಸೆಕೆಂಡ್ ತಿಂದಿತು ಎರಡೂ ಸಿಗುತ್ತವೆ. ಇದು 5.1ರಿಂದ ಇದೆ. ಕೆಲಸ ಮುಗಿದ ಮೇಲೆ ಆಫ್ ಮಾಡಿ, ಅದಕ್ಕೂ ಒಂದಿಷ್ಟು ಖರ್ಚಿದೆ. ಓಡಿದ ಲೆಕ್ಕ ಏರುತ್ತಿಲ್ಲ ಅಂದರೆ ಕೋಡ್ ಓದುವುದು ದಂಡ, ತಪ್ಪು ಇಂಟರ್‌ಫೇಸಿಗೆ ಹಾಕಿದ್ದೀರಿ. ಇಲ್ಲವೇ ಲೋಡರ್ ಮುಗಿದ ಕೂಡಲೇ ಪ್ರೋಗ್ರಾಮೂ ಕಳಚಿಕೊಂಡಿದೆ. ಲಿಬ್‌ಬಿಪಿಎಫ್ ಲೈಬ್ರರಿಯ ಲಿಂಕ್ ಮೂಲಕ ಹಾಕಿ ಪಿನ್ ಮಾಡದೇ (ಫೈಲಾಗಿ ಉಳಿಸದೇ) ಬಿಟ್ಟರೆ ಹಾಗಾಗುತ್ತದೆ.

ಇನ್ನು, ನಿಮ್ಮ ಸರ್ವರ್ ಇರುವ ಕಡೆ ವಿಲ್ಯಾನ್ (ಪ್ಯಾಕೆಟ್ಟಿಗೆ ಟ್ಯಾಗ್ ಹಚ್ಚಿ ಒಂದೇ ನೆಟ್‌ವರ್ಕನ್ನು ಹಲವಾಗಿ ಬೇರ್ಪಡಿಸುವ ವ್ಯವಸ್ಥೆ) ಇದೆಯಾ? ಇದ್ದರೆ ಅದೂ ಎರಡನೆಯ ಆರೋಪಿ. ಟ್ಯಾಗ್ ಇದ್ದ ಪ್ಯಾಕೆಟ್ಟಿನಲ್ಲಿ ಈಥರ್‌ಟೈಪ್ ಜಾಗದಲ್ಲಿ 0800 ಬದಲು 8100 ಇರುತ್ತದೆ. ಐಪಿ ಹೆಡರ್ ನಾಲ್ಕು ಬೈಟ್ ಆಚೆಗೆ ಸರಿದಿರುತ್ತದೆ. ನಿಮ್ಮ ಪ್ರೋಗ್ರಾಮ್ ಐಪಿ ಅಲ್ಲ ಅಂತ ಕೈ ಬಿಡುತ್ತದೆ. ಮಜಾ ಏನು ಅಂದರೆ, ಕೆಲವು ಕಾರ್ಡುಗಳು ಟ್ಯಾಗನ್ನು ತಾವೇ ಕಿತ್ತು ಬದಿಗಿಟ್ಟು ಪ್ಯಾಕೆಟ್ ಕೊಡುತ್ತವೆ. ಆಗ ನಿಮ್ಮ ಪ್ರೋಗ್ರಾಮಿಗೆ ಟ್ಯಾಗ್ ಕಾಣುವುದೇ ಇಲ್ಲ. ಇಲ್ಲೂ ಟಿಸಿಪಿಡಂಪ್ ನಂಬಬೇಡಿ. ಬದಿಗಿಟ್ಟ ಟ್ಯಾಗನ್ನು ಅದರ ಲೈಬ್ರರಿ ವಾಪಸ್ ಅಂಟಿಸಿ ತೋರಿಸುತ್ತದೆ. ಅಂದರೆ ಟಿಸಿಪಿಡಂಪ್ ತೋರಿಸುವ ಬೈಟುಗಳು, ನಿಮ್ಮ ಪ್ರೋಗ್ರಾಮ್ ನೋಡಿದ ಬೈಟುಗಳು ಒಂದೇ ಆಗಿರಬೇಕಿಲ್ಲ. ಕಾರ್ಡಿನ ಸೆಟ್ಟಿಂಗ್ ತೋರಿಸುವ ಈಥ್‌ಟೂಲ್‌ನಲ್ಲಿ ಆರ್‌ಎಕ್ಸ್ ವಿಲ್ಯಾನ್ ಆಫ್‌ಲೋಡ್ ಆನ್ ಇದೆಯಾ ಆಫ್ ಇದೆಯಾ ನೋಡಿ ತಿಳಿಯಿರಿ.

ಹಾಗಾದರೆ ನಿಮ್ಮ ಪ್ರೋಗ್ರಾಮ್ ನೋಡಿದ್ದನ್ನೇ ನೋಡುವುದು ಹೇಗೆ? ಅದಕ್ಕೇ ಎಕ್ಸ್‌ಡಿಪಿಡಂಪ್ ಇದೆ, ಎಕ್ಸ್‌ಡಿಪಿ-ಟೂಲ್ಸ್ ಪ್ಯಾಕೇಜಿನಲ್ಲಿ ಸಿಗುತ್ತದೆ. ಅದು ನಿಮ್ಮ ಪ್ರೋಗ್ರಾಮಿನ ಬಾಗಿಲಲ್ಲೇ ನಿಲ್ಲುತ್ತದೆ, ಒಳಗೆ ಹೋಗುವಾಗ ಒಂದು ಕಣ್ಣು, ಹೊರಗೆ ಬರುವಾಗ ಒಂದು ಕಣ್ಣು. ಹೊರಗೆ ಬರುವ ಕಡೆ ಡ್ರಾಪ್ ಅಂತಲೋ ಪಾಸ್ ಅಂತಲೋ ತೀರ್ಪನ್ನೂ ಪಕ್ಕದಲ್ಲಿ ಬರೆಯುತ್ತದೆ. ನಿಮ್ಮ ಪ್ರೋಗ್ರಾಮನ್ನು ಮುಟ್ಟುವ, ಮತ್ತೆ ಲೋಡ್ ಮಾಡುವ ಅಗತ್ಯ ಇಲ್ಲ. ಕರ್ನಲ್ 5.5 ಅಥವಾ ಮೇಲಿನದು ಇರಬೇಕು, ಕ್ಲ್ಯಾಂಗ್ ಕಂಪೈಲರಿಗೆ ಡೀಬಗ್ ಮಾಹಿತಿ ಸೇರಿಸುವ ಮೈನಸ್ ಜಿ ಕೊಟ್ಟು ಕಂಪೈಲ್ ಮಾಡಿರಬೇಕು. ಮೈನಸ್ ಜಿ ಇಲ್ಲದ ಪ್ರೋಗ್ರಾಮನ್ನು ಯಾರಾದರೂ ಡೀಬಗ್ ಮಾಡಿಕೊಡಿ ಅಂದರೆ ನಾನು ಮೊದಲು ಕೇಳುವುದೇ ಅದನ್ನು ಹಾಕಿ ಬನ್ನಿ ಅಂತ. ವೆರಿಫೈಯರ್ ಬೈಗುಳದಲ್ಲಿ ನಿಮ್ಮ ಸಿ ಕೋಡಿನ ಸಾಲು ಕಾಣುವುದೂ ಅದರಿಂದಲೇ. (ಆ ಬೈಗುಳವನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೊನೆಯ ಸಾಲುಗಳಲ್ಲಿ ತಪ್ಪು, ಅದರ ಮೇಲೆ ಕಾರಣ.) ವೆರಿಫೈಯರ್ ಒಪ್ಪಿದೆ ಅಂದರೆ ನಿಮ್ಮ ಪ್ರೋಗ್ರಾಮ್ ಕರ್ನಲನ್ನು ಬೀಳಿಸುವುದಿಲ್ಲ ಅಂತ ಮಾತ್ರ. ನಿಮ್ಮ ಲೆಕ್ಕ ಸರಿ ಇದೆಯಾ ಅನ್ನುವುದು ಅದಕ್ಕೆ ಬೇಡ.

ಹಿಡಿದ ಪ್ಯಾಕೆಟ್ಟನ್ನು ಮೇಜಿಗೆ ತನ್ನಿ. ಇದು ನನಗೆ ತುಂಬಾ ಇಷ್ಟದ ಭಾಗ. 4.12ರಿಂದ ಕರ್ನಲ್‌ಗೆ ಟೆಸ್ಟ್ ರನ್ ಅನ್ನುವ ಸೌಲಭ್ಯ ಇದೆ. ಒಂದು ಫೈಲಿನಲ್ಲಿ ಪ್ಯಾಕೆಟ್ಟಿನ ಬೈಟುಗಳನ್ನು ಇಟ್ಟು ಬಿಪಿಎಫ್‌ಟೂಲ್ ಪ್ರಾಗ್ ರನ್‌ಗೆ ಕೊಟ್ಟರೆ, ನಿಜವಾದ ಕರ್ನಲ್ ಒಳಗೆ, ನಿಜವಾದ ಪ್ರೋಗ್ರಾಮ್, ಆ ಒಂದು ಪ್ಯಾಕೆಟ್ ಮೇಲೆ ಓಡಿ ಉತ್ತರ ಹೇಳುತ್ತದೆ. 1 ಬಂದರೆ ಡ್ರಾಪ್, 2 ಬಂದರೆ ಪಾಸ್. ತಂತಿ ಬೇಡ, ಕಾರ್ಡು ಬೇಡ. ಟಿಸಿಪಿಡಂಪ್ ಬರೆದ ಹಳೆಯ ಶೈಲಿಯ ಪಿಕ್ಯಾಪ್ ಫೈಲಿನಿಂದ ಬೈಟ್ ತೆಗೆಯುವುದೂ ಸುಲಭ. ಫೈಲಿನ ತಲೆ 24 ಬೈಟ್, ಮೊದಲ ಪ್ಯಾಕೆಟ್ಟಿನ ತಲೆ 16. ಒಟ್ಟು 40 ಬೈಟ್ ಬಿಟ್ಟರೆ ಅಲ್ಲಿಂದ ಮೊದಲ ಪ್ಯಾಕೆಟ್ ಶುರು. ಎಕ್ಸ್‌ಡಿಪಿಡಂಪ್ ಮಾಮೂಲಿಯಾಗಿ ಬರೆಯುವುದು ಪಿಕ್ಯಾಪ್-ಎನ್‌ಜಿ, ಅದಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಹಳೆಯ ಶೈಲಿ ಬೇಕು ಅಂತ ಕೇಳಿ ಬರೆಸಿ. ನಿಮಗೆ ಬೇಕಾದ್ದು ಕನಿಷ್ಠ ಆರು ಫೈಲ್: ತುಂಡಾಗದ ಡಿಎನ್‌ಎಸ್ ಉತ್ತರ, ಮೊದಲ ತುಂಡು, ಎರಡನೆಯ ತುಂಡು, ವಿಲ್ಯಾನ್ ಇದ್ದದ್ದು, ಐಪಿ ಆಪ್ಷನ್ ಇದ್ದದ್ದು, ನಡುವೆಯೇ ಕತ್ತರಿಸಿ ಹೋದದ್ದು. ಕೋಡ್ ಬದಲಾದಾಗಲೆಲ್ಲ ಆರನ್ನೂ ಓಡಿಸುವ ಚಿಕ್ಕ ಸ್ಕ್ರಿಪ್ಟ್ ಬರೆದಿಡಿ.

ಲ್ಯಾಪ್‌ಟಾಪಿನಲ್ಲಿ ಓಡಿತು ಅಂದಿರಲ್ಲ, ಅಲ್ಲಿ ನೀವು ಕಳಿಸಿದ್ದು ಒಂದು ಸಾಲಿನ ಯುಡಿಪಿ ಇರಬೇಕು. ಅದು ತುಂಡಾಗುವುದು ಎಲ್ಲಿಂದ ಬಂತು? ಸೋರ್ಸ್ ಪೋರ್ಟ್ 53 ಇಟ್ಟುಕೊಂಡು 4096 ಬೈಟ್ ಕಳಿಸಿ ನೋಡಿ, ಸರ್ವರಿನ ರೋಗ ಅಲ್ಲೂ ಕಾಣುತ್ತದೆ. ವೀಥ್‌ಗೆ ಅದರದೇ ಕಿತಾಪತಿಗಳೂ ಇವೆ. ನಾನು ಒಮ್ಮೆ ಬಂದ ಪ್ಯಾಕೆಟ್ಟನ್ನು ಅದೇ ದಾರಿಯಲ್ಲಿ ವಾಪಸ್ ಕಳಿಸುವ ಪ್ರೋಗ್ರಾಮ್ ಬರೆದು ವೀಥ್ ಮೇಲೆ ಹಾಕಿದ್ದೆ. ಕೌಂಟರ್ ಕಳಿಸಿದೆ ಅನ್ನುತ್ತಿತ್ತು, ಆ ಕಡೆ ಏನೂ ಬರುತ್ತಿರಲಿಲ್ಲ. ಎರಡು ದಿನ ಚೆಕ್‌ಸಮ್ (ಪ್ಯಾಕೆಟ್ ದಾರಿಯಲ್ಲಿ ಕೆಟ್ಟಿಲ್ಲ ಅಂತ ತಿಳಿಯುವ ಲೆಕ್ಕ) ಅನುಮಾನಿಸುತ್ತಾ ಕೂತೆ. ಕೊನೆಗೆ ನೋಡಿದರೆ, ಆಗಿನ ಕರ್ನಲ್‌ನಲ್ಲಿ ಎದುರು ತುದಿಗೂ ಒಂದು ಎಕ್ಸ್‌ಡಿಪಿ ಪ್ರೋಗ್ರಾಮ್ ಹಾಕಿರಬೇಕಿತ್ತು, ಸುಮ್ನೆ ಪಾಸ್ ಅನ್ನುವಂಥದ್ದಾದರೂ ಸರಿ. ಇಲ್ಲದಿದ್ದರೆ ಸದ್ದಿಲ್ಲದೆ ಎಸೆಯುತ್ತಿತ್ತು. ಅದಾದ ಮೇಲೆ ಚೆಕ್‌ಸಮ್ ಕೂಡ ನಿಜವಾಗಲೂ ತಪ್ಪಿತ್ತು ಅನ್ನುವುದು ಬೇರೆ ಮಾತು! ಒಂದೇ ಯಂತ್ರದೊಳಗೆ ಹೋಗುವ ಪ್ಯಾಕೆಟ್ಟಿಗೆ ಕರ್ನಲ್ ಚೆಕ್‌ಸಮ್ ಪೂರ್ತಿ ಹಾಕಿರುವುದಿಲ್ಲ. ಕಳಿಸುವ ತುದಿಯಲ್ಲಿ ಟಿಎಕ್ಸ್ ಆಫ್‌ಲೋಡ್ (ಚೆಕ್‌ಸಮ್ ಕೆಲಸವನ್ನು ಕಾರ್ಡಿಗೆ ಬಿಡುವ ಸೆಟ್ಟಿಂಗ್) ಆಫ್ ಮಾಡಿದ ಮೇಲೆ ಸರಿಹೋಯಿತು.

ಬೈಟ್ ಆರ್ಡರ್ ತಪ್ಪು, ಅಂದರೆ ಪೋರ್ಟಿನ ಎರಡು ಬೈಟನ್ನು ಹಿಂದುಮುಂದಾಗಿ ಓದುವುದು, ನಿಮ್ಮದಲ್ಲ, ನಿಮ್ಮದಾಗಿದ್ದರೆ ಒಂದೂ ಬೀಳುತ್ತಿರಲಿಲ್ಲ. ತಂತಿಯ ಮೇಲೆ 53 ಅಂತ ಬಂದದ್ದನ್ನು ತಿರುಗಿಸದೆ ಓದಿದರೆ ನಮ್ಮ ಮಾಮೂಲಿ ಇಂಟೆಲ್, ಎಎಂಡಿ ಯಂತ್ರದಲ್ಲಿ 13568 ಆಗುತ್ತದೆ. ಎಲ್ಲಾದರೂ ಲಾಗ್‌ನಲ್ಲಿ ಈ ಸಂಖ್ಯೆ ಕಂಡರೆ ಏನಾಗಿದೆ ಅಂತ ತಕ್ಷಣ ಗೊತ್ತಾಗಲಿ ಅಂತ ಹೇಳಿದೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಪಾಸ್ ಆದ ಒಳ್ಳೆಯ ಪ್ಯಾಕೆಟ್ ಸಾಕೆಟ್ ತಲುಪುತ್ತಿಲ್ಲ ಅಂದರೆ ಅದು ನಿಮ್ಮ ಪ್ರೋಗ್ರಾಮಿನ ಆಚೆಯ ಕಥೆ. 5.17ರಿಂದ ಕರ್ನಲ್ ಪ್ಯಾಕೆಟ್ ಎಸೆಯುವಾಗ ಕೆಫ್ರೀ ಎಸ್‌ಕೆಬಿ ಟ್ರೇಸ್‌ಪಾಯಿಂಟ್‌ನಲ್ಲಿ ಕಾರಣವನ್ನೂ ಹೇಳುತ್ತದೆ, ಅಲ್ಲಿ ಹುಡುಕಿ.

ಹೊಸ ಪ್ರೋಗ್ರಾಮನ್ನು ಸರ್ವರಿಗೆ ಹಾಕುವ ಮೊದಲು ಇನ್ನೊಂದು ಕೆಲಸ. ತುಂಡು ನೋಡುವ ಕೋಡ್ ಸೇರಿಸುವಾಗ ಷರತ್ತು ಉಲ್ಟಾ ಬರೆದರೆ ತುಂಡಲ್ಲದ ಎಲ್ಲವೂ ಬೀಳುತ್ತದೆ, ಮೊದಲು ಬೀಳುವುದು ನಿಮ್ಮ ಎಸ್‌ಎಸ್‌ಎಚ್. ಅದಕ್ಕೇ ಲೋಡ್ ಮಾಡುವ ಮುಂಚೆಯೇ ಹಿನ್ನೆಲೆಯಲ್ಲಿ ಒಂದು ಆದೇಶ ಬಿಟ್ಟಿರಿ: 120 ಸೆಕೆಂಡ್ ಮಲಗು, ಆಮೇಲೆ ಆ ಇಂಟರ್‌ಫೇಸಿನ ಎಕ್ಸ್‌ಡಿಪಿ ಆಫ್ ಮಾಡು. ನೋಹಪ್ ಹಾಕಿ ಬಿಡಿ, ಇಲ್ಲದಿದ್ದರೆ ನಿಮ್ಮ ಸೆಷನ್ ಸತ್ತಾಗ ಅದೂ ಸತ್ತೀತು. ಇದು ಕೆಲಸ ಮಾಡುವುದು ಐಪಿ ಲಿಂಕ್ ಮೂಲಕ ಹಾಕಿದ ಪ್ರೋಗ್ರಾಮಿಗೆ. ಲಿಬ್‌ಬಿಪಿಎಫ್ ಲಿಂಕ್ ಮೂಲಕ ಹಾಕಿದ್ದರೆ ಲೋಡರನ್ನು ಕೊಲ್ಲುವ, ಪಿನ್ ಮಾಡಿದ್ದರೆ ಆ ಫೈಲ್ ಅಳಿಸುವ ಆದೇಶ ಬಿಡಿ. ಎರಡು ನಿಮಿಷ ಕೌಂಟರುಗಳನ್ನು ನೋಡಿ. "ತುಂಡು" ಅನ್ನುವ ಸಾಲು "ಎಸೆದೆ" ಅನ್ನುವುದರ ಸುಮಾರು ಎರಡು ಪಟ್ಟು ಏರಿ, ಎನ್‌ಸ್ಟ್ಯಾಟ್‌ನ ರೀಅಸೆಂಬ್ಲಿ ಟೈಮ್‌ಔಟ್ ಏರುವುದು ನಿಂತರೆ, ಅದು ತಾನೇ ಕಳಚಿಕೊಂಡ ಮೇಲೆ ಮತ್ತೆ ಹಾಕಿ, ಈ ಸಲ ಟೈಮರ್ ಇಲ್ಲದೆ.